ತಲೆವಸ್ತ್ರದ ವಿಷಯಕ್ಕೆ ಮಾತು ಬಿಟ್ಟ ಅಕ್ಕ-ತಂಗಿ: ಒಂದು ಆಪ್ತಸಲಹೆ ಪ್ರಕರಣ

ಇದು ಕರ್ನಾಟಕದ ಗಡಿಗೆ ತಾಗಿದ, ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಮನೆಯ ವಿಷಯ. ಹೆಸರು, ಊರು, ಕೆಲಸ, ಗುರುತು ಸಿಗುವಂಥ ಸಣ್ಣಪುಟ್ಟ ವಿವರ ಎಲ್ಲ ಬದಲಿಸಿದ್ದೇನೆ. ಆ ಮನೆಯ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳು ಇದನ್ನು ಓದಿ ಒಪ್ಪಿದ ಮೇಲೆಯೇ ಇಲ್ಲಿ ಹಾಕುತ್ತಿದ್ದೇನೆ. ಇಂಥ ಜಗಳ ಹೊತ್ತುಕೊಂಡು ಬರುವ ಮನೆಗಳು ಇದೊಂದೇ ಅಲ್ಲ, ಅದಕ್ಕೇ ಬರೆಯಬೇಕು ಅನ್ನಿಸಿತು. ಹೊರಗಿನವರು "ಮುಸ್ಲಿಮರಲ್ಲಿ ಹೀಗೆ" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಒಂದೇ ಮನೆಯೊಳಗೆ, ಒಂದೇ ಕೋಣೆಯೊಳಗೆ ಎರಡು ಮೂರು ಅಭಿಪ್ರಾಯ ಇರುತ್ತದೆ, ಎಲ್ಲರೂ ನಮಾಜ್ ಮಾಡುವವರೇ, ಎಲ್ಲರೂ ಕುರ್‌ಆನ್ ಓದುವವರೇ ಆಗಿರುತ್ತಾರೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ.

ಮೊದಲು ಬಂದದ್ದು ತಾಯಿ. ತಿಂಗಳುಗಟ್ಟಲೆ ತಲೆನೋವು, ರಾತ್ರಿ ನಿದ್ದೆ ಇಲ್ಲ. ಡಾಕ್ಟರು ರಕ್ತ ಪರೀಕ್ಷೆ, ಬಿಪಿ ಎಲ್ಲ ನೋಡಿ, ಏನೂ ಇಲ್ಲ, ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಿ ಅಂತ ಕಳಿಸಿದ್ದರು. ನಾನು ಮುಸ್ಲಿಂ ಅಲ್ಲ. ಅವರು ನನ್ನನ್ನೇ ಆರಿಸಿಕೊಳ್ಳಲು ಅದೂ ಒಂದು ಕಾರಣ. "ನಿಮ್ಮ ಹತ್ತಿರ ಹೇಳಿದರೆ ನಮ್ಮ ಜಮಾಅತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಅಲ್ವಾ ಮೇಡಂ" ಅಂತ ಕುಳಿತ ಕೂಡಲೇ ಕೇಳಿದರು. ಮನೆಮಾತು ಮಲಯಾಳ ಬೆರೆತದ್ದು, ಆದರೆ ತಾಯಿ ಮಕ್ಕಳು ಎಲ್ಲ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಮನಸ್ಸಿನ ಕಷ್ಟ ಹೇಳಲು ಕನ್ನಡವೇ ಸಲೀಸು ಅಂದರು.

"ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುವುದು ಮೇಡಂ. ಆದ್ರೆ ಮಾತಿಲ್ಲ. ಫ್ಯಾನ್ ಕಮ್ಮಿ ಮಾಡಲಿಕ್ಕೂ ನನ್ನನ್ನು ಕರೆಯುತ್ತಾರೆ. ನಾನು ಯಾರ ಪಕ್ಷ ಹಿಡಿಯುವುದು ಹೇಳಿ?"

ಮನೆಯಲ್ಲಿ ಅಜ್ಜಿ ಇದ್ದಾರೆ, ಮಕ್ಕಳು ಕರೆಯುವುದು ಉಮ್ಮಾಮ ಅಂತ. ಅವರದ್ದು ಹಳೆಯ ಕಾಲದ ಉಡುಪು: ಸೊಂಟಕ್ಕೆ ಸುತ್ತುವ ಕಾಚಿತುಣಿ, ಮೇಲೆ ತೊಡುವ ಕುಪ್ಪಾಯ, ತಲೆಯ ಮೇಲೆ ತಟ್ಟಂ ಅನ್ನುವ ಬಟ್ಟೆ. ತಟ್ಟಂ ಯಾವಾಗಲೂ ಅರ್ಧ ಹಿಂದಕ್ಕೆ ಜಾರಿರುತ್ತದೆ. ಮುಂದಲೆಯ ಬಿಳಿಕೂದಲು ಕಾಣುತ್ತದೆ, ಅಲಿಕತ್ತು ಹಾಕುತ್ತಿದ್ದ ಕಿವಿಯ ಸಾಲುತೂತುಗಳೂ ಕಾಣುತ್ತವೆ. ಅವರ ದೀನಿನ, ಅಂದರೆ ಧರ್ಮನಿಷ್ಠೆಯ, ಬಗ್ಗೆ ಯಾರೂ ಯಾವತ್ತೂ ಪ್ರಶ್ನೆ ಎತ್ತಿದ್ದಿಲ್ಲ. ತಾಯಿ ಮದುವೆಯಾದ ಹೊಸತರಲ್ಲಿ ಸೀರೆಯ ಸೆರಗನ್ನೇ ತಲೆಗೆ ಎಳೆದುಕೊಳ್ಳುತ್ತಿದ್ದರು. ಗಂಡ ಗಲ್ಫಿಗೆ ಹೋಗಿ ಮೊದಲ ರಜೆಗೆ ಬಂದಾಗ ಪರ್ದಾ ತಂದುಕೊಟ್ಟರು. ಅವತ್ತಿನಿಂದ ಹೊರಗೆ ಹೊರಟರೆ ಪರ್ದಾ ಮತ್ತು ತಲೆ-ಕುತ್ತಿಗೆಗೆ ಸುತ್ತುವ ಮಫ್ತಾ, ಮುಖ ತೆರೆದೇ ಇರುತ್ತದೆ. ಅವರೊಬ್ಬರ ಕತೆಯಲ್ಲ ಇದು. ಗಲ್ಫಿನ ದುಡಿಮೆ ಶುರುವಾದ ಮೇಲೆ, 1980-90ರ ದಶಕಗಳಲ್ಲಿ ಮಲಬಾರಿನ ಉದ್ದಕ್ಕೂ ಎಷ್ಟೋ ಮನೆಗಳಲ್ಲಿ ಆದದ್ದು ಹೀಗೆಯೇ.

ಹಿರಿಯ ಮಗಳನ್ನು ಸಫೀನಾ ಅಂತ ಕರೆಯೋಣ. 24 ವರ್ಷ, ಬಿ.ಕಾಂ. ಮುಗಿಸಿ ಮಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ, ದಿನಾ ಬೆಳಗ್ಗೆ ರೈಲಿನಲ್ಲಿ ಹೋಗಿ ಸಂಜೆ ಬರುತ್ತಾಳೆ. ಅವಳು ತಲೆಗೆ ಹಾಕುವುದನ್ನು ಬಿಟ್ಟಿದ್ದಾಳೆ. ಮೊದಮೊದಲು ಮಂಗಳೂರಿನಲ್ಲಿ ಮಾತ್ರ, ಆಮೇಲೆ ಊರಿನ ಸ್ಟೇಷನಿನಲ್ಲಿ ಇಳಿಯುವಾಗಲೂ. ಕಿರಿಯಳು ನುಸ್ರತ್, 20 ವರ್ಷ, ಜಿಲ್ಲೆಯೊಳಗೇ ಹುಡುಗಿಯರ ಕಾಲೇಜಿನಲ್ಲಿ ಡಿಗ್ರಿ, ಜೊತೆಗೆ ವಾರಕ್ಕೊಮ್ಮೆ ದೀನಿ ಕ್ಲಾಸು. ಅವಳು ನಿಖಾಬ್ ಹಾಕಲು ಶುರು ಮಾಡಿದ್ದಾಳೆ, ಕಣ್ಣು ಮಾತ್ರ ಕಾಣುತ್ತದೆ. ತಂದೆ ಗಲ್ಫಿನಿಂದ ಫೋನ್ ಮಾಡಿ ಇಬ್ಬರಿಗೂ ಬೈಯುತ್ತಾರೆ. ಅವಳು ಮುಚ್ಚಬೇಕು, ಇವಳು ಮುಖ ತೆಗೆಯಬೇಕು, ಇಬ್ಬರೂ ನಿಮ್ಮ ಉಮ್ಮನ ಹಾಗೆ ಇರಬೇಕು, ಇಲ್ಲದಿದ್ದರೆ ಸಂಬಂಧ ಬರುವುದಿಲ್ಲ, ಅಷ್ಟೇ ಅವರ ಮಾತು. ಈ ಮಾತನ್ನು ಮಕ್ಕಳಿಗೆ ದಾಟಿಸುವ ಕೆಲಸ ತಾಯಿಯದ್ದು. ಮಕ್ಕಳ ಉತ್ತರವನ್ನು ಮೆತ್ತಗೆ ಮಾಡಿ ಗಂಡನಿಗೆ ಹೇಳುವುದೂ ಅವರೇ. ತಲೆನೋವು ಎಲ್ಲಿಂದ ಬಂತು ಅಂತ ಬೇರೆ ಹುಡುಕಬೇಕಾಗಿರಲಿಲ್ಲ.

ಮಾತು ಬಿಟ್ಟದ್ದು ಒಂದು ರಾತ್ರಿಯ ಜಗಳದಿಂದ. ನುಸ್ರತ್ ಅಕ್ಕನಿಗೆ (ಇತ್ತ ಅಂತ ಕರೆಯುವುದು), "ಇತ್ತಾ, ನೀನು ಐದು ಹೊತ್ತು ನಮಾಜ್ ಮಾಡಿಯೂ ಪ್ರಯೋಜನ ಇಲ್ಲ, ತಲೆ ಬಿಟ್ಟುಕೊಂಡು ತಿರುಗುವವರ ನಮಾಜ್ ಕಬೂಲಾಗುವುದಿಲ್ಲ" ಅಂದಳು. ಸಫೀನಾ ಸುಮ್ಮನಿರಲಿಲ್ಲ. "ಹಜ್ಜಿಗೆ ಹೋದರೆ ಇಹ್ರಾಮಿನಲ್ಲಿ, ಆ ವ್ರತದ ಹೊತ್ತಿನಲ್ಲಿ, ಹೆಂಗಸರು ನಿಖಾಬ್ ಹಾಕುವ ಹಾಗಿಲ್ಲ. ಕಅಬಾದ ಎದುರು ತೆರೆದಿಡುವ ಮುಖವನ್ನು ಉಪ್ಪಳ ಪೇಟೆಯಲ್ಲಿ ಮುಚ್ಚಿ ಯಾರಿಗೆ ತೋರಿಸುವುದು?" ಅಂದಳು. ಅದಾದ ಮೇಲೆ ನುಸ್ರತ್, ರೈಲಿನಿಂದ ಇಳಿಯುತ್ತಿದ್ದ ಅಕ್ಕನ ಫೋಟೊ ತೆಗೆದು ತಂದೆಗೆ ವಾಟ್ಸಾಪಿನಲ್ಲಿ ಕಳಿಸಿದಳು. ಅದು ಗೊತ್ತಾದ ದಿನ ಸಫೀನಾ, ತಂಗಿಯ ಪರೀಕ್ಷೆಯ ಬೆಳಗ್ಗೆಯೇ ಅವಳ ನಿಖಾಬನ್ನು ಬಚ್ಚಿಟ್ಟಳು. ತಂಗಿ ಅಳುತ್ತಾ ಉಮ್ಮನ ಶಾಲನ್ನು ಮುಖಕ್ಕೆ ಸುತ್ತಿಕೊಂಡು ಪರೀಕ್ಷೆಗೆ ಹೋದಳು.

ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದೆ. ಮನೆಜಗಳದಲ್ಲಿ ಎಲ್ಲರನ್ನೂ ಮೊದಲೇ ಒಟ್ಟಿಗೆ ಕೂರಿಸಿದರೆ, ಮನೆಯಲ್ಲಿ ಆದ ಜಗಳವೇ ನನ್ನ ಕೋಣೆಯಲ್ಲಿ ಇನ್ನೊಂದು ಸಲ ಆಗುತ್ತದೆ, ಬೇರೇನೂ ಆಗುವುದಿಲ್ಲ.

ಹುಡುಗಿಯೊಬ್ಬಳು ಇದ್ದಕ್ಕಿದ್ದಂತೆ ನಿಖಾಬ್ ಹಾಕಿದರೆ, ಅಥವಾ ಇದ್ದಕ್ಕಿದ್ದಂತೆ ತಲೆವಸ್ತ್ರ ಬಿಟ್ಟರೆ, ಮನೆಯವರು ಬಟ್ಟೆಯನ್ನೇ ನೋಡುತ್ತಾರೆ. ನಾನು ನೋಡುವುದು ಬೇರೆ. ಊಟ ನಿದ್ದೆ ಹೇಗಿದೆ? ಗೆಳತಿಯರು ಇದ್ದಾರಾ, ಅಥವಾ ಒಬ್ಬೊಬ್ಬರನ್ನಾಗಿ ಕಳಚಿಕೊಂಡಿದ್ದಾಳಾ? ಓದು ಕೆಲಸ ನಡೆಯುತ್ತಿದೆಯಾ? ಫೋನಿನಲ್ಲಿ ಯಾರಾದರೂ ಗಂಡಸು "ಹೀಗೆ ಹಾಕು, ಹಾಗೆ ಹಾಕಬೇಡ" ಅಂತ ಹಿಡಿತ ಇಟ್ಟಿದ್ದಾನಾ? ಬೇರೆ ಯಾರದ್ದಾದರೂ ಭಯ ಇದೆಯಾ? ಇವಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಆಗ ಚಿಂತೆ ಮಾಡಬೇಕು, ಬಟ್ಟೆ ಯಾವುದೇ ಇರಲಿ. ನುಸ್ರತ್‌ಳನ್ನು ಒಬ್ಬಳನ್ನೇ ಕೂರಿಸಿ ಇದನ್ನೆಲ್ಲ ಕೇಳಿದೆ. ಒಳಗೆ ಬಂದ ಕೂಡಲೇ ಅವಳು ನಿಖಾಬ್ ಎತ್ತಿ ನಕ್ಕಳು. ಚುರುಕಿನ ಹುಡುಗಿ, ತರಗತಿಯಲ್ಲಿ ಮುಂದೆ, ಗೆಳತಿಯರ ದೊಡ್ಡ ಗುಂಪೇ ಇದೆ, ಅದರಲ್ಲಿ ನಿಖಾಬ್ ಹಾಕುವವರೂ ಇದ್ದಾರೆ, ಮಫ್ತಾ ಮಾತ್ರ ಹಾಕುವವರೂ ಇದ್ದಾರೆ, ಹಿಂದೂ ಹುಡುಗಿಯರೂ ಇದ್ದಾರೆ. ಯಾರೂ ಅವಳನ್ನು ಒತ್ತಾಯಿಸಿರಲಿಲ್ಲ. ಮನೆಯವರೇ ಬೇಡ ಅನ್ನುತ್ತಿದ್ದಾರಲ್ಲ! ಅವಳ ಆರೋಗ್ಯದ ಬಗ್ಗೆ ನನಗೆ ಚಿಂತೆ ಮಾಡುವಂಥದ್ದು ಏನೂ ಕಾಣಲಿಲ್ಲ. ಹಾಗಂತ ತಾಯಿಗೂ ಹೇಳಿದೆ.

ಸಫೀನಾಳ ವಿಷಯ ಹಾಗಿರಲಿಲ್ಲ. ಅವಳು ಬಾಗಿಲ ಕಡೆಗೇ ನೋಡುತ್ತಾ ಕುಳಿತಿದ್ದಳು. ಕೆಲಸ ಚೆನ್ನಾಗಿದೆ, ಆಫೀಸಿನಲ್ಲಿ ಯಾರೂ ಏನೂ ಅನ್ನುವುದಿಲ್ಲ, ಆದರೆ ಯಾವುದೇ ದೊಡ್ಡ ಕಟ್ಟಡದ ಗೇಟಿನಲ್ಲಿ ವಾಚ್‌ಮನ್ ಎದ್ದು ನಿಂತರೆ ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ ಅಂದಳು. ಯಾವಾಗಿನಿಂದ ಅಂತ ಕೇಳಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ 2022ರ ಫೆಬ್ರವರಿಯಿಂದ ಅಂದಳು.

ಆಗ ಅವಳು ಮಂಗಳೂರಿನ ಒಂದು ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಳು. ಕಾಲೇಜುಗಳಲ್ಲಿ ತಲೆವಸ್ತ್ರ ಹಾಕುವ ಬಗ್ಗೆ ಉಡುಪಿಯಲ್ಲಿ ಶುರುವಾದ ಗಲಾಟೆ, ಫೆಬ್ರವರಿ 5ರ ಸರ್ಕಾರದ ಸಮವಸ್ತ್ರದ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಕರ್ನಾಟಕ ಹೈಕೋರ್ಟಿನ ತೀರ್ಪು, ಇದೆಲ್ಲ ನಮಗೆ ನೆನಪಿದೆ. ಅವಳಿಗೆ ನೆನಪಿರುವುದು ಗೇಟು. ಗೇಟಿನ ಪಕ್ಕದ ಕೋಣೆಯಲ್ಲಿ ತಲೆವಸ್ತ್ರ ತೆಗೆದು ಬ್ಯಾಗಿಗೆ ಹಾಕಿ ಒಳಗೆ ಹೋಗಬೇಕಿತ್ತು. ಆ ಕೋಣೆಯಿಂದ ತರಗತಿಗೆ ನಡೆಯುವ ದಾರಿಯಲ್ಲಿ ಹುಡುಗರು ನಿಂತು ನೋಡುತ್ತಿದ್ದರು. ಕೆಲವು ಗೆಳತಿಯರು ಕಾಲೇಜೇ ಬಿಟ್ಟರು, ಅವರು ಇವಳ ಜೊತೆ ಮಾತು ಬಿಟ್ಟರು. ಉಮ್ಮ, ಓದು ನಿಲ್ಲಿಸಬೇಡ ಮಗಳೇ ಅಂದಿದ್ದರು. ಇವಳು ದಿನಾ ಬೆಳಗ್ಗೆ ತೆಗೆದಳು, ದಿನಾ ಸಂಜೆ ಮಂಗಳೂರು ಸೆಂಟ್ರಲಿನಲ್ಲಿ ರೈಲು ಹತ್ತುವ ಮೊದಲು ಮತ್ತೆ ಹಾಕಿದಳು. "ಒಳಗಿನವರು ಯಾಕೆ ಹಾಕಿದ್ದೀ ಅಂತ ಕೇಳ್ತಿದ್ರು, ಹೊರಗಿನವರು ಯಾಕೆ ತೆಗೆದೆ ಅಂತ ಕೇಳ್ತಿದ್ರು. ನನಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ ಮೇಡಂ" ಅಂದಳು. ಡಿಗ್ರಿ ಮುಗಿದ ಮೇಲೆ ತಡೆಯುವವರು ಯಾರೂ ಇರಲಿಲ್ಲ. ಆದರೂ ಕನ್ನಡಿಯ ಎದುರು ಪಿನ್ ಚುಚ್ಚುವಾಗ ಕೈ ನಡುಗುತ್ತಿತ್ತು. ಆಮೇಲೆ ಓದಲು ಶುರು ಮಾಡಿದಳು, ಇದು ನಿಜವಾಗಿ ಕಡ್ಡಾಯವಾ ಅಂತ. ಓದಿ ಓದಿ, ನನ್ನ ಮಟ್ಟಿಗೆ ಅಲ್ಲ ಅಂತ ತೀರ್ಮಾನಿಸಿದಳು. ಮನೆಯಲ್ಲಿ ಇದ್ಯಾವುದನ್ನೂ ಹೇಳಿರಲಿಲ್ಲ.

ನುಸ್ರತ್ ಆಗ ಹೈಸ್ಕೂಲು ದಾಟುವ ಹುಡುಗಿ, ಕಾಸರಗೋಡು ಕಡೆಯ ಶಾಲೆ. ಗಡಿಯ ತಲಪಾಡಿಯಿಂದ ಈಚೆಗೆ, ಕೇರಳದಲ್ಲಿ, ಆ ಆದೇಶ ಇರಲಿಲ್ಲ. ಒಂದೇ ಮನೆಯಿಂದ ಅಕ್ಕ ಬಡಗಿನ ರೈಲು ಹತ್ತಿ ಗೇಟಿನಲ್ಲಿ ಮಫ್ತಾ ತೆಗೆಯುತ್ತಿದ್ದಳು, ತಂಗಿ ತೆಂಕಿನ ಬಸ್ಸು ಹತ್ತಿ ಅದೇ ಮಫ್ತಾದಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದಳು. ರಾತ್ರಿ ಅಕ್ಕ ಗೋಡೆ ಕಡೆ ತಿರುಗಿ ಅಳುವುದು ತಂಗಿಗೆ ಕೇಳುತ್ತಿತ್ತು. ಬೇರೆ ದಿನ, ಅಕ್ಕನ ಸುದ್ದಿಯನ್ನೇ ಎತ್ತದೆ ನುಸ್ರತ್ ನನಗೆ ಹೇಳಿದ್ದು ಇದು: "ಅವರು ಇತ್ತನದ್ದು ತೆಗೆಸಿದರು. ನನ್ನದನ್ನು ಯಾರೂ ತೆಗೆಸಲಿಕ್ಕೆ ಆಗಬಾರದು ಅಂತ ಅವತ್ತೇ ಅಂದುಕೊಂಡೆ. ಆದ್ರೆ ಇತ್ತ ತಾನಾಗಿಯೇ ಬಿಟ್ಟುಬಿಟ್ಟಳು. ಸೋತುಬಿಟ್ಟಳು."

ಇಬ್ಬರ ತೀರ್ಮಾನವೂ ಆ ಒಂದೇ ಗೇಟಿನಿಂದ ಹುಟ್ಟಿದ್ದು. ಒಬ್ಬಳನ್ನು ಅದು ಆಚೆಗೆ ತಳ್ಳಿತು, ಇನ್ನೊಬ್ಬಳನ್ನು ಈಚೆಗೆ. ಇಬ್ಬರಿಗೂ ಇದು ಗೊತ್ತಿರಲಿಲ್ಲ. ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಸಫೀನಾ ನೋವಿನಿಂದ ತಲೆವಸ್ತ್ರ ಬಿಟ್ಟಳು, ನೋವು ಹೋದರೆ ಮತ್ತೆ ಹಾಕುತ್ತಾಳೆ ಅಂತ ನಾನು ಹೇಳುತ್ತಿಲ್ಲ. ನುಸ್ರತ್ ಹಟಕ್ಕೆ ಹಾಕಿದ್ದಾಳೆ, ಹಟ ಇಳಿದರೆ ತೆಗೆಯುತ್ತಾಳೆ ಅಂತಲೂ ಹೇಳುತ್ತಿಲ್ಲ. ಒಂದು ನಂಬಿಕೆ ಎಲ್ಲಿಂದ ಹುಟ್ಟಿತು ಅಂತ ಗೊತ್ತಾದ ಮಾತ್ರಕ್ಕೆ ಆ ನಂಬಿಕೆ ಸುಳ್ಳಾಗುವುದಿಲ್ಲ. ತಾಯಿ ನನ್ನಿಂದ ಬಯಸಿದ್ದು ಅದನ್ನೇ, ಇಬ್ಬರಿಗೂ "ಬುದ್ಧಿ ಹೇಳಿ" ನಡುವಿನ ದಾರಿಗೆ ತರಬೇಕು ಅಂತ. ಅದು ನನ್ನ ಕೆಲಸ ಅಲ್ಲ ಅಂದೆ. ನನ್ನ ಕೆಲಸ, ಇಬ್ಬರೂ ಒಂದೇ ಕೋಣೆಯಲ್ಲಿ ಒಬ್ಬರನ್ನೊಬ್ಬರು ನೋಯಿಸದೆ ಇರುವ ಹಾಗೆ ಮಾಡುವುದು, ಸಫೀನಾಳ ಬೆವರುವ ಅಂಗೈಗೆ ಪರಿಹಾರ ಹುಡುಕುವುದು, ತಾಯಿಗೆ ನಿದ್ದೆ ಬರಿಸುವುದು.

ಆದರೂ ಧರ್ಮದ ವಿಷಯ ಎತ್ತದೆ ಇರಲು ಆಗಲಿಲ್ಲ. ಇಬ್ಬರೂ ಮೊಬೈಲಿನಲ್ಲಿ ಸಿಕ್ಕಿದ ಅರ್ಧ ಅರ್ಧ ಮಾಹಿತಿಯನ್ನು ಕಲ್ಲಿನ ಹಾಗೆ ಎಸೆಯುತ್ತಿದ್ದರು. ಹಾಗಾಗಿ ಒಂದು ಮನೆಗೆಲಸ ಕೊಟ್ಟೆ. ನಿನ್ನ ಅಭಿಪ್ರಾಯ ಬರೆದು ತರಬೇಡ, ಅವಳ ಅಭಿಪ್ರಾಯಕ್ಕೆ ಇರುವ ಅತಿ ಗಟ್ಟಿಯಾದ ಆಧಾರ ಯಾವುದು ಅಂತ ಹುಡುಕಿ ಬರೆದು ತಾ ಅಂದೆ. ವಿಡಿಯೊ ಬೇಡ, ನಿಮ್ಮ ಉಮ್ಮ ನಂಬುವ ಒಬ್ಬ ಉಸ್ತಾದರನ್ನು, ಧರ್ಮ ಕಲಿಸುವವರನ್ನು, ಕೇಳಿ, ಪುಸ್ತಕ ನೋಡಿ. ಇಬ್ಬರೂ ಗೊಣಗಿದರು. ಆದರೆ ಮಾಡಿದರು, ಮತ್ತು ನಿಯತ್ತಿನಿಂದ ಮಾಡಿದರು.

ಅವರು ತಂದದ್ದನ್ನು, ನಾನು ಓದಿ ತಿಳಿದದ್ದನ್ನು ಸೇರಿಸಿ ಹೇಳುತ್ತೇನೆ. ಕುರ್‌ಆನಿನ 24ನೇ ಅಧ್ಯಾಯ ಅನ್ನೂರ್. ಅದರ 30ನೇ ವಚನ ಮೊದಲು ಗಂಡಸರಿಗೆ ದೃಷ್ಟಿ ತಗ್ಗಿಸಿ ಅನ್ನುತ್ತದೆ. 31ನೇ ವಚನ ಹೆಂಗಸರಿಗೂ ಅದನ್ನೇ ಹೇಳಿ, ತಾನಾಗಿ ಕಾಣುವುದನ್ನು ಬಿಟ್ಟು ಉಳಿದ ಅಲಂಕಾರ ತೋರಿಸದಿರಲಿ, ತಲೆವಸ್ತ್ರವನ್ನು ಎದೆಯ ಮೇಲೆ ಎಳೆದುಕೊಳ್ಳಲಿ ಅನ್ನುತ್ತದೆ. 33ನೇ ಅಧ್ಯಾಯದ 59ನೇ ವಚನ ಹೊರಗೆ ಹೋಗುವಾಗಿನ ಮೇಲುಹೊದಿಕೆಯ ಬಗ್ಗೆ. ಹನಫಿ, ಮಾಲಿಕಿ, ಶಾಫಿಈ, ಹಂಬಲಿ, ಸುನ್ನಿ ಧರ್ಮಶಾಸ್ತ್ರದ ಈ ನಾಲ್ಕೂ ಪಂಥಗಳ, ಅಂದರೆ ಮದ್‌ಹಬ್‌ಗಳ ವಿದ್ವಾಂಸರು ಇದರಿಂದ ಪ್ರಾಯಕ್ಕೆ ಬಂದ ಹೆಣ್ಣು ಅನ್ಯ ಗಂಡಸರ ಎದುರು ಕೂದಲು ಮುಚ್ಚುವುದು ಕಡ್ಡಾಯ ಅಂತಲೇ ತಿಳಿದಿದ್ದಾರೆ. ಸಫೀನಾ ಇದನ್ನು ತನ್ನ ಕೈಯಿಂದಲೇ ಬರೆದು ತಂದಿದ್ದಳು. "ನನ್ನ ಕಡೆ ಇರುವವರು ಕಮ್ಮಿ ಜನ ಅಂತ ಒಪ್ಪಬೇಕು" ಅಂದಳು. ಆ ಮಾತು ಹೇಳಲು ಧೈರ್ಯ ಬೇಕು.

ಈ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯ ಇರುವುದು ಮುಖದ ವಿಷಯದಲ್ಲಿ. ಕಾಸರಗೋಡಿನ ಹೆಚ್ಚಿನ ಮುಸ್ಲಿಮರು ಶಾಫಿಈಗಳು. ಅವರ ನಂತರದ ಕಾಲದ ಗ್ರಂಥಗಳಲ್ಲಿ ಅನ್ಯರ ಎದುರು ಮುಖವನ್ನೂ ಮುಚ್ಚಬೇಕು ಅನ್ನುವ ಅಭಿಪ್ರಾಯವೇ ಗಟ್ಟಿ. ನುಸ್ರತ್ ಎಲ್ಲಿಂದಲೋ ಹೊಸದನ್ನು ಹೊತ್ತು ತಂದಳು ಅಂತ ತಂದೆ ಅಂದುಕೊಂಡಿದ್ದರು, ಅದು ಸರಿಯಲ್ಲ, ಅದು ಅವರದ್ದೇ ಮದ್‌ಹಬಿನ ಪುಸ್ತಕದಲ್ಲಿ ಇರುವ ಮಾತು. ಆದರೆ ಊರಿನ ರೂಢಿಯಲ್ಲಿ ತಲೆಮಾರುಗಳಿಂದ ಮುಖ ತೆರೆದೇ ಇದೆ, ಉಮ್ಮಾಮನ ಕಾಲದಲ್ಲಿ ಮುಂದಲೆಯೂ ತೆರೆದಿತ್ತು. ಉಪ್ಪಳದ ಉರ್ದು ಮಾತಾಡುವ ಮನೆಗಳು ಹನಫಿ. ಹನಫಿ ಗ್ರಂಥಗಳಲ್ಲಿ ಮುಖ ಮತ್ತು ಮುಂಗೈ ಮುಚ್ಚಬೇಕಾದ ಭಾಗವಲ್ಲ, ಆದರೂ ಕೆಡುಕಿನ ಭಯ ಇದ್ದರೆ ಯುವತಿಯರು ಮುಖ ಮುಚ್ಚಬೇಕು ಅಂತ ನಂತರದವರು ಹೇಳಿದರು. 2009ರಲ್ಲಿ ಕೈರೋದ ಹೆಸರಾಂತ ಇಸ್ಲಾಮಿಕ್ ವಿದ್ಯಾಪೀಠ ಅಲ್-ಅಝ್‌ಹರಿನ ಮುಖ್ಯಸ್ಥರಾಗಿದ್ದ ಶೇಖ್ ಮುಹಮ್ಮದ್ ಸಯ್ಯಿದ್ ತಂತಾವಿ, ನಿಖಾಬ್ ರೂಢಿಯೇ ಹೊರತು ಧರ್ಮದ ಕಡ್ಡಾಯವಲ್ಲ ಅಂದರು. ಕೂದಲು ಮುಚ್ಚುವುದು ಕಡ್ಡಾಯ ಅನ್ನುವುದರಲ್ಲಿ ಅವರಿಗೂ ಸಂಶಯ ಇರಲಿಲ್ಲ. ಕೇರಳದಲ್ಲಿ 2019ರಲ್ಲಿ ಮುಸ್ಲಿಂ ಎಜುಕೇಶನಲ್ ಸೊಸೈಟಿ ತನ್ನ ಕಾಲೇಜುಗಳಲ್ಲಿ ಮುಖ ಮುಚ್ಚುವುದನ್ನು ನಿಷೇಧಿಸಿದಾಗ ಅಲ್ಲಿನ ಸುನ್ನಿ ವಿದ್ವಾಂಸರ ಸಂಘವಾದ ಸಮಸ್ತದ ಉಲಮಾಗಳು ವಿರೋಧಿಸಿದರು. ಎರಡೂ ಕಡೆ ಇದ್ದವರು ಮುಸ್ಲಿಮರೇ.

ಕೂದಲು ಮುಚ್ಚುವುದೇ ಕಡ್ಡಾಯವಲ್ಲ ಅನ್ನುವವರೂ ಇದ್ದಾರೆ. ಪಾಕಿಸ್ತಾನ ಮೂಲದ ವಿದ್ವಾಂಸ ಜಾವೇದ್ ಅಹ್ಮದ್ ಘಾಮಿದಿ, ಇದು ಒಳ್ಳೆಯ ಸಂಪ್ರದಾಯ, ಪಾಲಿಸುವುದು ಮೆಚ್ಚತಕ್ಕದ್ದು, ಆದರೆ ಶರೀಅತಿನ ಆಜ್ಞೆ ಅಲ್ಲ ಅನ್ನುತ್ತಾರೆ. ಈಜಿಪ್ಟಿನ ನ್ಯಾಯಾಧೀಶರಾಗಿದ್ದ ಮುಹಮ್ಮದ್ ಸಯೀದ್ ಅಲ್-ಅಶ್ಮಾವಿ ಇದೇ ಧಾಟಿಯಲ್ಲಿ ಬರೆದರು, ಇದೇ ತಂತಾವಿಯವರ ಜೊತೆ ವಾದವೂ ನಡೆಯಿತು. ಇವರ ವಾದದ ತಿರುಳು ಇಷ್ಟು: ಆ ಕಾಲದ ಅರಬ್ ಹೆಂಗಸರು ತಲೆಗೆ ಬಟ್ಟೆ ಹಾಕುವುದು ಮೊದಲೇ ಇತ್ತು, ವಚನ ಹೊಸದಾಗಿ ಹೇಳಿದ್ದು ಎದೆ ಮುಚ್ಚಿ ಅಂತ. ಮುಖ ಮತ್ತು ಕೈ ಬಿಟ್ಟು ಬೇರೇನೂ ಕಾಣಬಾರದು ಅಂತ ಪ್ರವಾದಿಯವರು ಅಸ್ಮಾ ಅವರಿಗೆ ಹೇಳಿದರೆಂಬ ಹದೀಸಿಗೆ (ಪ್ರವಾದಿಯ ಮಾತಿನ ವರದಿಗೆ), ಅದು ಯಾರಿಂದ ಯಾರಿಗೆ ಬಂತು ಅನ್ನುವ ಸರಪಳಿ ಪೂರ್ತಿ ಇಲ್ಲ ಅಂತ ಅದನ್ನು ದಾಖಲಿಸಿದ ಅಬೂ ದಾವೂದರೇ ಹೇಳಿದ್ದಾರೆ. ಇದನ್ನು ಬರೆದು ತಂದದ್ದು ನುಸ್ರತ್. ಅದರ ಕೆಳಗೆ ಉಸ್ತಾದರ ಉತ್ತರವನ್ನೂ ಬರೆದಿದ್ದಳು: ತೀರ್ಮಾನ ಆ ಒಂದು ಹದೀಸಿನ ಮೇಲೆ ನಿಂತಿಲ್ಲ, ವಚನ ಇಳಿದಾಗ ಆಗಿನ ಹೆಂಗಸರು ಬಟ್ಟೆ ಹರಿದು ಹೊದ್ದುಕೊಂಡರು ಅಂತ ಪ್ರವಾದಿಯವರ ಪತ್ನಿ ಆಯಿಷಾ ಅವರು ಹೇಳಿದ್ದು ಬುಖಾರಿ ಅನ್ನುವ ಹದೀಸ್ ಸಂಗ್ರಹದಲ್ಲಿದೆ, ಇಷ್ಟು ಶತಮಾನಗಳ ಒಮ್ಮತವೂ ಇದೆ.

ಜಗಳದ ಬೆಂಕಿ ನಿಜವಾಗಿ ತಗ್ಗಿದ್ದು ಬೇರೆ ಒಂದು ವಿಷಯಕ್ಕೆ. ನುಸ್ರತ್ ಉಸ್ತಾದರ ಹತ್ತಿರ, ತಲೆ ಬಿಟ್ಟುಕೊಂಡು ಹೊರಗೆ ಹೋಗುವವಳ ನಮಾಜ್ ಕಬೂಲಾಗುತ್ತದಾ ಅಂತ ಕೇಳಿದ್ದಳು. ನಮಾಜಿನ ಹೊತ್ತಿಗೆ ತಲೆ ಮುಚ್ಚಿರಬೇಕು, ಅದು ನಮಾಜಿನ ಶರತ್ತು. ಹೊರಗೆ ಮುಚ್ಚದಿರುವುದು ಬೇರೆ ತಪ್ಪು, ಅದರಿಂದ ನಮಾಜ್ ಮುರಿಯುವುದಿಲ್ಲ, ಯಾರದ್ದು ಕಬೂಲು ಅಂತ ಹೇಳುವ ಅಧಿಕಾರ ನಿನಗೂ ಇಲ್ಲ ನನಗೂ ಇಲ್ಲ ಅಂತ ಅವರು ಉತ್ತರಿಸಿದ್ದರು. ಸಫೀನಾ ನಮಾಜ್ ಮಾಡುವಾಗ ಯಾವತ್ತೂ ತಲೆ ಮುಚ್ಚದೆ ಇದ್ದದ್ದಿಲ್ಲ. ನಮಾಜ್ ಕಬೂಲಾಗುವುದಿಲ್ಲ ಅಂದದ್ದೇ ಅಕ್ಕನ ಎದೆಗೆ ಮುಳ್ಳಿನಂತೆ ಚುಚ್ಚಿಕೊಂಡಿದ್ದ ಮಾತು. ತಂಗಿ ಉಸ್ತಾದರ ಈ ಉತ್ತರವನ್ನು ತಾನೇ ಓದಿ ಹೇಳಿದಳು, ಕಣ್ಣು ತುಂಬಿಕೊಂಡು.

ಅವತ್ತು ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದೆ. ಅವತ್ತೇ ಸಫೀನಾ ಗೇಟಿನ ಕತೆಯನ್ನು ಮೊದಲ ಸಲ ತಂಗಿಯ ಎದುರು ಹೇಳಿದಳು. ನುಸ್ರತ್ ಮಧ್ಯದಲ್ಲಿ ಬಾಯಿ ಹಾಕಲಿಲ್ಲ. ಮುಗಿದ ಮೇಲೆ, "ನಾನು ಎಚ್ಚರವೇ ಇರ್ತಿದ್ದೆ ಇತ್ತಾ, ಯಾಕೆ ಅಳ್ತೀ ಅಂತ ಕೇಳಲಿಕ್ಕೆ ಹೆದರಿಕೆಯಾಗ್ತಿತ್ತು" ಅಂದಳು.

ಇನ್ನು ನಾನು ಕೊಟ್ಟ ಸಲಹೆ. ಇಬ್ಬರಿಗೂ ಒಂದೇ ಮಾತು ಮೊದಲು: ಇನ್ನೊಬ್ಬಳ ಬಟ್ಟೆಗೆ ಕೈ ಹಾಕಬಾರದು, ಇನ್ನೊಬ್ಬಳ ಫೋಟೊ ತೆಗೆಯಬಾರದು. ನಿಖಾಬ್ ಬಚ್ಚಿಟ್ಟದ್ದು ಮತ್ತು ಫೋಟೊ ಕಳಿಸಿದ್ದು, ಎರಡೂ ಒಂದೇ ತರದ ತಪ್ಪು. ಗೇಟಿನಲ್ಲಿ ನಿನಗೆ ಮಾಡಿದ್ದನ್ನೇ ನೀನು ತಂಗಿಗೆ ಮಾಡಿದೆ ಅಂತ ಸಫೀನಾಳಿಗೆ ಹೇಳಬೇಕಾಯಿತು. ಕಠಿಣವಾದ ಮಾತು, ಆದರೆ ಅವಳು ತಾಳಿಕೊಳ್ಳುತ್ತಾಳೆ ಅನ್ನುವ ಹೊತ್ತಿಗೆ ಹೇಳಿದೆ. ಅವಳಿಗೆ ಗೇಟಿನ ಭಯಕ್ಕೆ ಬೇರೆಯೇ ಅಭ್ಯಾಸ ಕೊಟ್ಟೆ. ಉಸಿರಾಟದ ಅಭ್ಯಾಸ, ಆಮೇಲೆ ಕಮ್ಮಿ ಭಯದ ಜಾಗದಿಂದ ಜಾಸ್ತಿ ಭಯದ ಜಾಗದ ಕಡೆಗೆ ಸ್ವಲ್ಪ ಸ್ವಲ್ಪವಾಗಿ, ಮೊದಲು ಗೆಳತಿಯ ಜೊತೆ ಆಮೇಲೆ ಒಬ್ಬಳೇ. ಇದು ಸಾಲದಿದ್ದರೆ ಮನೋವೈದ್ಯರನ್ನು ಕಾಣೋಣ, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ ಅಂದಿದ್ದೇನೆ. ತಂದೆಗೆ ವಿಷಯ ಬೇರೆಯವರಿಂದ ಗೊತ್ತಾಗುವುದಕ್ಕಿಂತ ನೀನೇ ಹೇಳು, ಮದುವೆಯ ಮಾತು ಬಂದರೆ ಹುಡುಗನಿಗೂ ಇದ್ದದ್ದನ್ನು ಇದ್ದ ಹಾಗೆ ಹೇಳು, ಮದುವೆಯಾದ ಮೇಲೆ ನೋಡಿಕೊಳ್ಳೋಣ ಅಂತ ಮುಚ್ಚಿಡಬೇಡ ಅಂದೆ. ಮರಣದ ಮನೆಗೆ, ಮಸೀದಿಯ ಕಾರ್ಯಕ್ರಮಕ್ಕೆ ಹೋಗುವಾಗ ಶಾಲು ಹಾಕುತ್ತೇನೆ ಅಂತ ಅವಳೇ ಹೇಳಿದಳು. ಅದು ಅವಳ ತೀರ್ಮಾನ, ನಾನು ಕೇಳಿದ್ದಲ್ಲ.

ನುಸ್ರತ್‌ಗೆ ಕೆಲವು ನಡೆಯುವ ವಿಷಯ ಹೇಳಿದೆ. ಪರೀಕ್ಷೆ, ಬ್ಯಾಂಕು, ಪಾಸ್‌ಪೋರ್ಟ್ ಆಫೀಸು, ಇಲ್ಲೆಲ್ಲ ಗುರುತಿಗೆ ಮುಖ ತೋರಿಸಬೇಕಾಗುತ್ತದೆ. ಮಹಿಳಾ ಸಿಬ್ಬಂದಿ ನೋಡಲಿ ಅಂತ ಮೊದಲೇ ಕೇಳಿಕೊಳ್ಳುವುದು, ಬೇಗ ಹೋಗುವುದು, ಅಲ್ಲಿ ವಾದಕ್ಕೆ ನಿಲ್ಲದಿರುವುದು. ಕೋರ್ಟಿನಲ್ಲಿ ಏನಾಗಿದೆ ಅಂತಲೂ ತಿಳಿದಿರಲಿ ಅಂದೆ. ಕೇರಳ ಹೈಕೋರ್ಟು 2016ರಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ತಲೆವಸ್ತ್ರ ಹಾಕಲು ಬಿಟ್ಟಿತು, ತಪಾಸಣೆಗೆ ಮುಂಚೆ ಬರಬೇಕು ಅನ್ನುವ ಶರತ್ತಿನ ಮೇಲೆ. 2018ರಲ್ಲಿ ಒಂದು ಖಾಸಗಿ ಶಾಲೆಯ ಸಮವಸ್ತ್ರದ ವಿಷಯದಲ್ಲಿ ಶಾಲೆಯ ಪರ ನಿಂತಿತು. ಕರ್ನಾಟಕದ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳೇ ಬೇರೆ ಬೇರೆ ತೀರ್ಪು ಕೊಟ್ಟರು. ಇವತ್ತು ನಿನಗೆ ನಿಖಾಬ್ ಸರಿ ಅನ್ನಿಸಿದೆ. ಮುಂದೆ ಯಾವತ್ತಾದರೂ ಬೇರೆ ಅನ್ನಿಸಿದರೆ, ಗೆಳತಿಯರು ಏನಂದುಕೊಳ್ಳುತ್ತಾರೋ ಅಂತ ಹೆದರಿ ಮುಂದುವರಿಸಬೇಡ, ಅನ್ನಿಸದಿದ್ದರೆ ಉಪ್ಪನಿಗೆ ಹೆದರಿ ಬಿಡಲೂ ಬೇಡ ಅಂದೆ.

ತಾಯಿಗೆ ಹೇಳಿದ್ದು: ನೀವು ಸಂದೇಶ ಸಾಗಿಸುವುದನ್ನು ನಿಲ್ಲಿಸಿ. ಗಂಡ ಫೋನಿನಲ್ಲಿ ಮಗಳ ಬಗ್ಗೆ ಕೇಳಿದರೆ ಫೋನ್ ಮಗಳ ಕೈಗೆ ಕೊಡಿ. ಅವರಿಗೆ ಇದು ಕಷ್ಟವಾಯಿತು, ಇಷ್ಟು ವರ್ಷ ಮನೆಯ ಶಾಂತಿ ಅಂದರೆ ಅದೇ ಕೆಲಸ ಅಂತ ನಂಬಿದವರು. ಆದರೆ ಅದನ್ನು ಬಿಟ್ಟ ಮೇಲೆ ನಿದ್ದೆ ಬರತೊಡಗಿತು ಅಂತ ಅವರೇ ಹೇಳಿದರು. ಉಮ್ಮಾಮನ ವಿಷಯಕ್ಕೆ ಒಂದು ಸಂತೋಷದ ಸುದ್ದಿಯೂ ಅವರೇ ತಂದರು. ಅದೇ ಅನ್ನೂರ್ ಅಧ್ಯಾಯದ 60ನೇ ವಚನ, ಮದುವೆಯ ವಯಸ್ಸು ದಾಟಿದ ವೃದ್ಧೆಯರು ಅಲಂಕಾರ ತೋರಿಸದೆ ಮೇಲುವಸ್ತ್ರ ತೆಗೆದಿಟ್ಟರೆ ತಪ್ಪಿಲ್ಲ, ತೆಗೆಯದಿದ್ದರೆ ಇನ್ನೂ ಒಳ್ಳೆಯದು ಅನ್ನುತ್ತದಂತೆ. ನುಸ್ರತ್ ಅದನ್ನು ಓದಿ ಅಜ್ಜಿಗೆ ಹೇಳಿದ್ದಾಳೆ, ಅಜ್ಜಿ ತಟ್ಟಂ ಸರಿಮಾಡಿಕೊಂಡು, ನನಗೆ ಗೊತ್ತಿಲ್ಲದ್ದು ನೀನೇನು ಹೇಳುವುದು ಅಂದರಂತೆ.

ತಂದೆಯ ಜೊತೆ ವಿಡಿಯೊ ಕರೆಯಲ್ಲಿ ಮಾತಾಡಿದ್ದೇನೆ. ಮಕ್ಕಳ ಬಗ್ಗೆ ಪ್ರೀತಿ ಇರುವವರೇ. ದೂರದಲ್ಲಿದ್ದುಕೊಂಡು ಏನೂ ಮಾಡಲಾಗದ ಭಯ ಅವರಿಗೆ. ನಿಮಗೆ ಸರಿ ಕಂಡದ್ದನ್ನು ಮಕ್ಕಳಿಗೆ ಹೇಳುವ ಹಕ್ಕು ನಿಮಗಿದೆ, ಹೇಳಿ. ಆದರೆ ಕಿರಿಯಳ ಫೀಸು, ಹಿರಿಯಳ ಕೆಲಸ, ಇವಕ್ಕೆ ತಲೆವಸ್ತ್ರವನ್ನು ಗಂಟು ಹಾಕಬೇಡಿ ಅಂದೆ. ಫೀಸು ಕಟ್ಟುತ್ತೇನೆ ಅಂದರು. ಹಿರಿಯಳ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. ಊರಿನಲ್ಲಾದರೂ ಹಾಕಲಿ, ಅಷ್ಟು ಕೇಳುವ ಹಕ್ಕೂ ನನಗಿಲ್ಲವಾ ಅಂತ ಕೇಳಿದರು. ಸಫೀನಾ ಅದೇ ಕರೆಯಲ್ಲಿ, ಗಂಟಲು ನಡುಗಿದರೂ ನಿಲ್ಲಿಸದೆ, "ನೀವು ಕೇಳಬಹುದು ಉಪ್ಪಾ, ನಾನು ಆಗುವುದಿಲ್ಲ ಅನ್ನಲೂ ಬಹುದಲ್ವಾ" ಅಂದಳು. ಅವರು ಉತ್ತರ ಕೊಡಲಿಲ್ಲ, ಬೈಯಲೂ ಇಲ್ಲ.

ಇದನ್ನು ಓದುವ ಹೆಣ್ಣುಮಕ್ಕಳಿಗೆ ಒಂದು ಮಾತು. ಈ ಮನೆಯಲ್ಲಿ ಹೊಡೆತ ಇರಲಿಲ್ಲ, ಕೂಡಿಹಾಕುವುದು ಇರಲಿಲ್ಲ. ನಿಮ್ಮ ಮನೆಯಲ್ಲಿ ಮುಚ್ಚು ಅಂತಲೋ ತೆಗೆ ಅಂತಲೋ ಕೈ ಎತ್ತುತ್ತಿದ್ದರೆ, ಫೋನ್ ಕಿತ್ತುಕೊಂಡಿದ್ದರೆ, ಅದು ಅಭಿಪ್ರಾಯಭೇದ ಅಲ್ಲ, ದೌರ್ಜನ್ಯ. 181ಕ್ಕೆ ಕರೆ ಮಾಡಿ, ಅದು ಮಹಿಳಾ ಸಹಾಯವಾಣಿ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್ 14416.

ಸದ್ಯಕ್ಕೆ ಆ ಮನೆಯಲ್ಲಿ ಅಕ್ಕ-ತಂಗಿ ಮಾತಾಡುತ್ತಾರೆ. ಜಗಳವೂ ಆಡುತ್ತಾರೆ, ಆದರೆ ಈಗ ಅದು ಫ್ಯಾನಿನ ವಿಷಯಕ್ಕೆ, ಚಾರ್ಜರಿನ ವಿಷಯಕ್ಕೆ ಕೂಡ ಇದೆ ಅಂತ ತಾಯಿ ಹೇಳಿದರು. ಯಾರ ಅಭಿಪ್ರಾಯವೂ ಬದಲಾಗಿಲ್ಲ. ಸಫೀನಾ ಗೇಟಿನ ಅಭ್ಯಾಸ ಮುಂದುವರಿಸಿದ್ದಾಳೆ, ಆಫೀಸಿನ ಕಟ್ಟಡಕ್ಕೆ ಈಗ ಒಬ್ಬಳೇ ಹೋಗುತ್ತಾಳೆ, ತನ್ನ ಹಳೆಯ ಕಾಲೇಜಿಗೆ ಅಂಕಪಟ್ಟಿ ತರಲು ಹೋಗುವುದೊಂದು ಬಾಕಿ ಇದೆ. ಜೊತೆಗೆ ಬರುತ್ತೇನೆ ಅಂತ ನುಸ್ರತ್ ಹೇಳಿದ್ದಾಳೆ, ಆದರೆ ನಿಖಾಬಿನಲ್ಲಿ ಆ ಗೇಟಿಗೆ ಬಂದರೆ ಏನಾಗಬಹುದು ಅಂತ ಇಬ್ಬರೂ ಕೂತು ಯೋಚಿಸಬೇಕಾಗಿದೆ. ತಂದೆ ರಜೆಗೆ ಬಂದಾಗ ಎಲ್ಲರೂ ಒಟ್ಟಿಗೆ ನನ್ನ ಹತ್ತಿರ ಬರುವುದು ಅಂತ ಆಗಿದೆ.